ಪುಸ್ತಕ ಹೊತ್ತು ಜೈಲಿಗೆ ಹೋದವರು

ಶೂದ್ರ ವೇದ ಕೇಳಿದರೆ ಕಿವಿಗೆ ಕಾದ ಸೀಸ ಹೊಯ್ಯಬೇಕು ಅಂತ ಬರೆದಿಟ್ಟ ದೇಶದವರು ನಾವು. ಅಕ್ಷರ ಯಾರ ಸ್ವತ್ತು ಅನ್ನೋ ಪ್ರಶ್ನೆ ನಮಗೆ ಬರೀ ಪುಸ್ತಕದ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ದುಡಿಯುವ ಜನ ಇದೇ ಪ್ರಶ್ನೆಗಾಗಿ ಜೈಲು ಸೇರಿದ್ದರು. ಅವರ ಇತಿಹಾಸ ನಮಗೆ ಗೊತ್ತಿರಬೇಕು. ಇದು ಪುಸ್ತಕ ಬರೆದವನ ಕತೆಗಿಂತ ಹೆಚ್ಚಾಗಿ ಅದನ್ನು ಓದಿ, ಮೆಚ್ಚಿ, ಹೊತ್ತು ಮಾರಿದವರ ಕತೆ.

ಬರೆದವನು ಥಾಮಸ್ ಪೇಯ್ನ್. 1737ರಲ್ಲಿ ಥೆಟ್‌ಫರ್ಡ್ ಅನ್ನೋ ಊರಲ್ಲಿ ಹುಟ್ಟಿದ. ಹೆಂಗಸರ ಬಿಗಿ ಒಳ ಉಡುಪು ಹೊಲಿಯೋದು ಅಪ್ಪನ ಕಸುಬು, ಮಗನೂ ಅದನ್ನೇ ಕಲಿತ. ಅವನ 'ಮನುಷ್ಯನ ಹಕ್ಕುಗಳು' 1791 ಮತ್ತು 1792ರಲ್ಲಿ ಎರಡು ಭಾಗವಾಗಿ ಬಂತು. ಹುಟ್ಟಿನಿಂದ ಬರುವ ಅಧಿಕಾರಕ್ಕೆ ಅರ್ಥವಿಲ್ಲ; ಸತ್ತವರು ಹಾಕಿದ ಕಟ್ಟು ಬದುಕಿರುವವರನ್ನು ಕಟ್ಟಿಹಾಕಕೂಡದು; ಜನ ಕೂಡಿ ಬಾಳುವುದಕ್ಕೆ ಬಹುಪಾಲು ಸರ್ಕಾರದ ದೊಣ್ಣೆಯೇ ಬೇಕಿಲ್ಲ. ಹೀಗೆ ಅವನ ವಾದ. ಅಷ್ಟಕ್ಕೇ ನಿಲ್ಲಲಿಲ್ಲ. ಐವತ್ತು ದಾಟಿದ ಬಡವರಿಗೆ ವರ್ಷಕ್ಕಿಷ್ಟು ಹಣ, ಬಡಮಕ್ಕಳ ಓದಿಗೆ ಇಷ್ಟು, ದೊಡ್ಡ ಜಮೀನಿನವರ ಮೇಲೆ ಏರುವ ತೆರಿಗೆ ಅಂತ ಲೆಕ್ಕ ಹಾಕಿ ತೋರಿಸಿದ.

ಮೊದಲ ಭಾಗದ ಬೆಲೆ ಮೂರು ಶಿಲಿಂಗ್. ಅಷ್ಟು ಕೊಟ್ಟು ಓದೋರು ಉಳ್ಳವರು. ಅಲ್ಲಿಯವರೆಗೆ ಸರ್ಕಾರ ಸುಮ್ಮನಿತ್ತು. ಅಗ್ಗದ ಪ್ರತಿಗಳು ಬಂದವು ನೋಡಿ, ಆಗ ರಾಜದ್ರೋಹ ಕಂಡಿತು! 1792ರ ಡಿಸೆಂಬರಿನಲ್ಲಿ ವಿಚಾರಣೆ ನಡೆಯಿತು. ಪೇಯ್ನ್ ಅಷ್ಟರಲ್ಲಿ ಫ್ರಾನ್ಸಿಗೆ ಹೋಗಿದ್ದ. ಸರ್ಕಾರಿ ವಕೀಲ ಮುಚ್ಚುಮರೆಯಿಲ್ಲದೆ ಹೇಳಿದ: ತಿಳಿದವರು ಓದುವಷ್ಟಕ್ಕೆ ತನ್ನ ತಕರಾರಿರಲಿಲ್ಲ, ಈಗ ಎಲ್ಲ ತರದ ಜನರ ಕೈಗೂ ತುರುಕುತ್ತಿದ್ದಾರೆ, ಮಕ್ಕಳ ಮಿಠಾಯಿ ಕಟ್ಟುವುದಕ್ಕೂ ಇದೇ ಹಾಳೆ! ಅಂದರೆ ವಿಚಾರ ತಪ್ಪಲ್ಲ, ಅದು ಬಡವನ ಕೈಗೆ ಬಂದದ್ದು ತಪ್ಪು. ಈ ಮಾತು ನಮಗೆ ಹೊಸದೇ?

1809ರಲ್ಲಿ ಪೇಯ್ನ್ ಅಮೆರಿಕದಲ್ಲಿ ತೀರಿಕೊಂಡಾಗ ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ. ಅವನ ಪುಸ್ತಕವೂ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲು ಬಿಡದವರಲ್ಲಿ ಒಬ್ಬ ರಿಚರ್ಡ್ ಕಾರ್ಲೈಲ್. ತಗಡಿನ ಕೆಲಸದವನು. 1817ರಲ್ಲಿ ಕೂಲಿ ಸರಿಯಾಗಿ ಸಿಗದಿದ್ದಾಗ ಬಂಡಾಯದ ಪತ್ರಿಕೆಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಲಂಡನ್ ಬೀದಿ ಸುತ್ತಿದ. ಮೂವತ್ತು ಮೈಲಿ ನಡೆದು ಹದಿನೆಂಟು ಪೆನ್ಸ್ ದುಡಿದ ದಿನಗಳನ್ನು ಅವನೇ ನೆನೆದಿದ್ದಾನೆ. ಆಮೇಲೆ ಪೇಯ್ನನನ್ನು ಓದಿದ. ಓದಿ ಸುಮ್ಮನೆ ಕೂರಲಿಲ್ಲ. 'ಮನುಷ್ಯನ ಹಕ್ಕುಗಳು' ಪುಸ್ತಕವನ್ನು ಸಣ್ಣ ಸಣ್ಣ ಭಾಗ ಮಾಡಿ, ಕೂಲಿಯವನು ಕೊಳ್ಳೋ ಬೆಲೆಗೆ ಅಚ್ಚು ಹಾಕಿದ. 1818ರ ಕೊನೆಗೆ ಪುರೋಹಿತಶಾಹಿಯನ್ನು ಬಯಲಿಗೆಳೆಯುವ ಪೇಯ್ನನ ಇನ್ನೊಂದು ಪುಸ್ತಕ 'ವಿವೇಚನೆಯ ಯುಗ'ವನ್ನೂ ತಂದ.

1819ರ ಅಕ್ಟೋಬರಿನಲ್ಲಿ ಕಟಕಟೆಗೆ ನಿಲ್ಲಿಸಿದರು. ಕಾರ್ಲೈಲ್ ಜಾಣ. ನಿಷೇಧವಾದ ಪುಸ್ತಕವನ್ನೇ ತನ್ನ ವಾದ ಅಂತ ಕೋರ್ಟಿನಲ್ಲಿ ಇಡಿಯಾಗಿ ಓದಿದ. ಅವನ ಲೆಕ್ಕ ಇಷ್ಟೇ: ಕೋರ್ಟಿನ ನಡಾವಳಿ ಅಚ್ಚು ಹಾಕಿದರೆ ಅದರೊಳಗೆ ಪುಸ್ತಕವೂ ಬಂತಲ್ಲ! ಶಿಕ್ಷೆ ಮೂರು ವರ್ಷ ಜೈಲು, 1500 ಪೌಂಡು ದಂಡ. ದಂಡ ಕಟ್ಟದೆ 1825ರ ನವೆಂಬರಿನವರೆಗೆ ಆರು ವರ್ಷ ಡಾರ್ಚೆಸ್ಟರ್ ಜೈಲಿನಲ್ಲಿ ಕೊಳೆತ.

ಅಂಗಡಿ ಮುಚ್ಚಲಿಲ್ಲ. ಹೆಂಡತಿ ಜೇನ್ ಕೂತಳು, 1821ರಲ್ಲಿ ಅವಳಿಗೂ ಎರಡು ವರ್ಷದ ಶಿಕ್ಷೆಯಾಯಿತು. ತಂಗಿ ಮೇರಿ ಆನ್ ಕೂತಳು, ಅವಳನ್ನೂ ಒಯ್ದರು. ಆಮೇಲೆ ಊರೂರಿನಿಂದ ಓದುಗರೇ ಬಂದು ಕೂತರು. ಒಬ್ಬನನ್ನು ಹಿಡಿದರೆ ಇನ್ನೊಬ್ಬ. ನಾಟಿಂಗ್‌ಹ್ಯಾಮಿನ ಲೇಸು ಕೆಲಸದ ಸುಸಾನ್ನಾ ರೈಟ್ 1822ರಲ್ಲಿ ತನ್ನ ವಾದವನ್ನು ತಾನೇ ಮಂಡಿಸಿ, ಎಳೆಗೂಸಿನ ಸಮೇತ ಜೈಲಿಗೆ ಹೋದಳು. ಮಾರಿದವರ ಮುಖ ಕಾಣದಿರಲಿ ಅಂತ ಅಂಗಡಿಯಲ್ಲಿ ಗಡಿಯಾರದಂಥ ಒಂದು ಫಲಕ ಇಟ್ಟರು. ಮುಳ್ಳನ್ನು ಪುಸ್ತಕದ ಹೆಸರಿಗೆ ತಿರುಗಿಸಿ ದುಡ್ಡು ಹಾಕಿದರೆ ಮರೆಯಿಂದ ಪುಸ್ತಕ ಬಂದು ಬೀಳುತ್ತಿತ್ತು. ಇತಿಹಾಸ ಕಾರ್ಲೈಲನ ಹೆಸರು ಇಟ್ಟುಕೊಂಡಿತು. ಈ ಅಂಗಡಿಯಾಳುಗಳನ್ನು ಎಷ್ಟು ಜನ ಬಲ್ಲರು?

ಪೇಯ್ನನ ಪುಸ್ತಕ ಕಡಲು ದಾಟಿ ನಮ್ಮ ಕಡೆಗೂ ಬಂತು. 1847ರಲ್ಲಿ ಪುಣೆಯ ಮಾಲಿ ಜಾತಿಯ ತರುಣ ಜೋತಿಬಾ ಫುಲೆ 'ಮನುಷ್ಯನ ಹಕ್ಕುಗಳು' ಓದಿದರು. ಮರುವರ್ಷ ಬ್ರಾಹ್ಮಣ ಗೆಳೆಯನ ಮದುವೆ ಮೆರವಣಿಗೆಯಲ್ಲಿ ಜಾತಿಯ ಅವಮಾನ ಉಂಡರು. ಅದೇ 1848ರಲ್ಲಿ ಸಾವಿತ್ರಿಬಾಯಿಯವರ ಜೊತೆ ಹೆಣ್ಣುಮಕ್ಕಳ ಶಾಲೆ ತೆರೆದರು. ಬಂಡಾಯ ಬರೀ ಪುಸ್ತಕದಿಂದ ಹುಟ್ಟಿತು ಅಂತ ನಾವು ಹೇಳೋದಿಲ್ಲ. ಉಂಡ ಅವಮಾನಕ್ಕೆ ಹೆಸರಿಡುವ ಮಾತು ಪುಸ್ತಕದಿಂದಲೂ ಸಿಗುತ್ತದೆ. 1873ರಲ್ಲಿ ಫುಲೆಯವರೇ 'ಗುಲಾಮಗಿರಿ' ಬರೆದು, ಕರಿಯರ ಜೀತ ತೊಲಗಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. 1946ರಲ್ಲಿ ಬಾಬಾಸಾಹೇಬರು ಶೂದ್ರರ ಮೂಲ ಹುಡುಕಿದ ತಮ್ಮ ಗ್ರಂಥವನ್ನು ಫುಲೆಯವರಿಗೆ ಅರ್ಪಿಸಿದರು. ಓದಿದವರು ಬರೆದರು, ಅದನ್ನು ಓದಿದವರು ಮತ್ತೆ ಬರೆದರು. ನಡುವೆ ಹೊತ್ತವರು ಇಲ್ಲದಿದ್ದರೆ ಈ ಸಾಲು ಎಲ್ಲೋ ಕಡಿದುಹೋಗುತ್ತಿತ್ತು.

ಗೆಳೆಯರೆ, ಹಳ್ಳಿ ಶಾಲೆಯ ಮೇಷ್ಟ್ರೆ, ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ, ನಾವೆಲ್ಲರೂ ಪೇಯ್ನ್ ಆಗೋದಿಲ್ಲ. ಆಗಬೇಕಾಗಿಯೂ ಇಲ್ಲ. ಆದರೆ ಓದಿದ್ದನ್ನು ಕಪಾಟಿನಲ್ಲಿ ಬೀಗ ಹಾಕಿ ಇಡೋದು ನಮ್ಮಂಥವರು ಮಾಡೋ ಕೆಲಸವಲ್ಲ. ಓದು ಬಾರದ ಅವ್ವನಿಗೆ ಓದಿ ಹೇಳಿ. ಪಕ್ಕದ ಕೇರಿಗೆ ಕೊಡಿ. ಹಾಳೆ ಹರಿದು ಅಂಗಡಿಯಲ್ಲಿ ಮಿಠಾಯಿ ಕಟ್ಟೋಕೆ ಹೋದರೂ ಚಿಂತೆಯಿಲ್ಲ. ಯಾವುದೋ ಮಗು ಅದನ್ನು ಬಿಡಿಸಿ ಓದೀತು.