ಅಂತರರಾಷ್ಟ್ರೀಯ ವಾರಂಟ್ ಮತ್ತು ಸ್ಥಳೀಯ ಪೊಲೀಸರ ಅಧಿಕಾರ

ಅಂತರರಾಷ್ಟ್ರೀಯ ಅಥವಾ ವಿದೇಶಿ ನ್ಯಾಯಾಲಯ ಹೊರಡಿಸಿದ ಬಂಧನ ವಾರಂಟನ್ನು ಭಾರತದ ಯಾವುದೇ ಪೊಲೀಸ್ ಠಾಣೆ ತಾನಾಗಿಯೇ ಜಾರಿಗೊಳಿಸುವಂತಿಲ್ಲ. ಅಂತಹ ಬಂಧನಕ್ಕೆ ಭಾರತದ ಕಾನೂನಿನ ಆಧಾರ ಇರಲೇಬೇಕು. ಕೋಲಾರ ಜಿಲ್ಲೆಯ ಕೆ.ಜಿ.ಎಫ್. ಹಾಗೂ ಬಂಗಾರಪೇಟೆ ಪ್ರದೇಶದಲ್ಲಿ ಈ ಪ್ರಶ್ನೆಗೆ ಸಂಸ್ಥಾನದ ಕಾಲದ ಹಿನ್ನೆಲೆಯೂ ಇದೆ.

ಇತಿಹಾಸ

ಚಿನ್ನದ ಗಣಿಗಳಿದ್ದ ನೆಲ ಮೈಸೂರು ಸಂಸ್ಥಾನದ್ದು. ಅವುಗಳ ಆಡಳಿತ ನೋಡಿಕೊಳ್ಳುತ್ತಿದ್ದುದು ಬ್ರಿಟಿಷ್ ಸಂಸ್ಥೆಯಾದ ಜಾನ್ ಟೇಲರ್ ಅಂಡ್ ಸನ್ಸ್. 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದ ಪತ್ರದಲ್ಲಿ ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ನ್ಯಾಯಾಧಿಕಾರವನ್ನು ಬ್ರಿಟಿಷರು ತಮ್ಮಲ್ಲಿಯೇ ಉಳಿಸಿಕೊಂಡರು. ಬ್ರಿಟಿಷ್ ಇಂಡಿಯಾದಲ್ಲಿ ಅಪರಾಧವೆಸಗಿದ ಆರೋಪವಿದ್ದು ಮೈಸೂರಿನಲ್ಲಿರುವವರನ್ನು ರೆಸಿಡೆಂಟರು ಕೇಳಿದಾಗ ಹಿಡಿದೊಪ್ಪಿಸಬೇಕೆಂಬ ಷರತ್ತೂ ಅದರಲ್ಲಿತ್ತು. ಹೀಗಾಗಿ ಅಂದು ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ರೈಲಿನಲ್ಲಿ ಕುಪ್ಪಂ ತಲುಪಿದವನು ಮದ್ರಾಸ್ ಪ್ರಾಂತ್ಯಕ್ಕೆ, ಅಂದರೆ ಬೇರೊಂದು ಆಳ್ವಿಕೆಯ ನೆಲಕ್ಕೆ, ಕಾಲಿಟ್ಟಂತಾಗುತ್ತಿತ್ತು.

ಸಂಸ್ಥಾನಗಳೊಳಗಿನ ವಾರಂಟ್ ಕುರಿತು ಪ್ರಿವಿ ಕೌನ್ಸಿಲ್ 1897ರಲ್ಲಿ ಮಹತ್ವದ ತೀರ್ಪನ್ನಿತ್ತಿತು. ಸಿಮ್ಲಾದ ಮ್ಯಾಜಿಸ್ಟ್ರೇಟರು ಹೊರಡಿಸಿದ್ದ ವಾರಂಟಿನ ಮೇಲೆ ಹೈದರಾಬಾದ್ ಸಂಸ್ಥಾನದ ಶಂಕರಪಲ್ಲಿ ರೈಲು ನಿಲ್ದಾಣದಲ್ಲಿ ಒಬ್ಬನನ್ನು ಬಂಧಿಸಲಾಗಿತ್ತು. ರೈಲ್ವೆ ನೆಲದ ಮೇಲೆ ಬ್ರಿಟಿಷರಿಗಿದ್ದ ಅಧಿಕಾರ ರೈಲ್ವೆ ಆಡಳಿತಕ್ಕಷ್ಟೇ ಸೀಮಿತ, ಆದುದರಿಂದ ಬಂಧನ ಅಕ್ರಮ ಎಂಬುದು ತೀರ್ಪಿನ ಸಾರ.

ಇಂದು ಬಂಗಾರಪೇಟೆ ಠಾಣೆಯು ಕೋಲಾರ ಜಿಲ್ಲಾ ಪೊಲೀಸಿಗೆ ಸೇರದೆ ಪ್ರತ್ಯೇಕವಾದ ಕೆ.ಜಿ.ಎಫ್. ಪೊಲೀಸ್ ಜಿಲ್ಲೆಯ ವ್ಯಾಪ್ತಿಯಲ್ಲಿದೆ. ಕುಪ್ಪಂ ನ್ಯಾಯಾಲಯದ ವಾರಂಟು ಈಗ ದೇಶದ ಎಲ್ಲೆಡೆ ಜಾರಿಯಾಗಬಲ್ಲದು. ಹೊರರಾಜ್ಯದ ಪೊಲೀಸರು ಸಾಮಾನ್ಯವಾಗಿ ಸ್ಥಳೀಯ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಅಥವಾ ಠಾಣಾಧಿಕಾರಿಯ ಹಿಂಬರಹ ಪಡೆದರೆ ಸಾಕು.

ಹೇಗ್‌ನ ನ್ಯಾಯಾಲಯಗಳು

ಹೇಗ್ ನಗರದ ಎರಡು ನ್ಯಾಯಾಲಯಗಳನ್ನು ಒಂದೆಂದೇ ಭಾವಿಸುವವರು ಬಹಳ. ಅಂತರರಾಷ್ಟ್ರೀಯ ನ್ಯಾಯಾಲಯವು ರಾಷ್ಟ್ರಗಳ ನಡುವಿನ ವ್ಯಾಜ್ಯಗಳನ್ನು ವಿಚಾರಿಸುತ್ತದೆ. ಯಾರ ಬಂಧನಕ್ಕೂ ವಾರಂಟ್ ಕೊಡುವುದಿಲ್ಲ. ವಾರಂಟ್ ಹೊರಡಿಸುವುದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. ಅದಕ್ಕೆ ಸ್ವಂತ ಪೊಲೀಸರಿಲ್ಲ. ಅದನ್ನು ಸ್ಥಾಪಿಸಿದ ರೋಮ್ ಶಾಸನದ ಮತದಾನದಿಂದ 1998ರಲ್ಲಿ ಭಾರತ ದೂರ ಉಳಿಯಿತು, ಇಂದಿಗೂ ಸದಸ್ಯನಾಗಿಲ್ಲ. ಆ ನ್ಯಾಯಾಲಯದ ವಾರಂಟ್ ಎದುರಿಸುತ್ತಿದ್ದ ಸುಡಾನಿನ ಅಧ್ಯಕ್ಷ ಒಮರ್ ಅಲ್ ಬಶೀರ್ 2015ರ ಅಕ್ಟೋಬರಿನಲ್ಲಿ ದೆಹಲಿಯ ಭಾರತ–ಆಫ್ರಿಕಾ ಶೃಂಗಸಭೆಗೆ ಬಂದು, ಬಂಧನವಿಲ್ಲದೆ ಹಿಂದಿರುಗಿದರು.

ವಿದೇಶಿ ವಾರಂಟ್ ಮತ್ತು ಠಾಣೆ

ಪರದೇಶದ ಆರೋಪಿಯನ್ನು ಒಪ್ಪಿಸುವ ವಿಧಾನ 1962ರ ಹಸ್ತಾಂತರ ಕಾಯ್ದೆಯಲ್ಲಿದೆ. (ಪತ್ರಿಕೆಗಳು ಇದನ್ನು ‘ಗಡೀಪಾರು’ ಎನ್ನುವುದುಂಟು, ಅದು ಬೇರೆಯೇ ಕ್ರಮ.) ವಿದೇಶದ ಕೋರಿಕೆ ಕೇಂದ್ರ ಸರ್ಕಾರಕ್ಕೆ ಬರುತ್ತದೆ, ಸರ್ಕಾರದ ಆದೇಶದ ಮೇಲೆ ಮ್ಯಾಜಿಸ್ಟ್ರೇಟರು ವಾರಂಟ್ ನೀಡಿ ವಿಚಾರಣೆ ನಡೆಸುತ್ತಾರೆ. ಇಂಟರ್‌ಪೋಲ್‌ನ ರೆಡ್ ಕಾರ್ನರ್ ನೋಟಿಸನ್ನೇ ವಾರಂಟ್ ಎಂದು ಭಾವಿಸಿ ಬಂಧಿಸಲಾಗದೆಂದು ಭವೇಶ್ ಜಯಂತಿ ಲಖಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ.

ಹಾಗೆಂದು ಠಾಣೆಯ ಕೈ ಪೂರ್ತಿ ಕಟ್ಟಿಲ್ಲ. ಹಸ್ತಾಂತರಕ್ಕೆ ಗುರಿಯಾಗಬಲ್ಲ ವ್ಯಕ್ತಿಯನ್ನು ವಾರಂಟಿಲ್ಲದೆ ಬಂಧಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಸಂವಿಧಾನದ 22ನೇ ವಿಧಿಯಂತೆ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ತುರ್ತು ಕೋರಿಕೆಯ ಮೇಲೆ ತಾತ್ಕಾಲಿಕವಾಗಿ ಬಂಧಿತನಾದವನನ್ನು, ಹಸ್ತಾಂತರದ ಕೋರಿಕೆ 60 ದಿನಗಳಲ್ಲಿ ಬಾರದಿದ್ದರೆ, ಬಿಡುಗಡೆ ಮಾಡಬೇಕು.