ಜುಂಜಪ್ಪನ ಕಾವ್ಯ: ಮೂಲ ಹುಡುಕಿ ಹೊರಟವರ ದಾರಿ

ಪುರವರದಿಂದ ಮಧುಗಿರಿ ದಾಟಿ ಪಡುವಣಕ್ಕೆ ಶಿರಾ ಸೀಮೆಗೆ ಬಂದರೆ, ಊರಿನಿಂದ ಒಂದಿಷ್ಟು ದೂರ ಸರಿದು ನಿಂತ ಗೊಲ್ಲರಹಟ್ಟಿಗಳು ಕಾಣಸಿಗುತ್ತವೆ. ಇಲ್ಲಿನ ಕಾಡುಗೊಲ್ಲರು ನಡೆದುಕೊಳ್ಳುವ ದೈವಗಳಲ್ಲಿ ಜುಂಜಪ್ಪ ದೊಡ್ಡವನು. ಶಿರಾ ತಾಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವನ ನೆಲೆ. ಅವನ ಮೇಲೆ ಕನ್ನಡದಲ್ಲೊಂದು ಮಹಾಕಾವ್ಯವಿದೆ. ಅದನ್ನು ಕಟ್ಟಿದವರು ಯಾರು, ಯಾವ ಶತಮಾನದಲ್ಲಿ ಎಂದು ಹೇಳುವ ಶಾಸನವಾಗಲಿ ಓಲೆಗರಿಯಾಗಲಿ ಸಿಕ್ಕಿಲ್ಲ. ಇರುವುದು ಹಾಡುವವರ ನಾಲಿಗೆಯ ಮೇಲೆ, ಅದೂ ತುಂಡುತುಂಡಾಗಿ.

ಕತೆಯ ಎಳೆ ಮಾತ್ರ ಗಟ್ಟಿ. ಚಿನ್ನಮ್ಮ, ಕೆಂಗುರಿ ಮಲ್ಲೇಗೌಡರ ಮಗ ಜುಂಜಪ್ಪ. ತಂಗಿ ಮಾರಕ್ಕ, ಜೊತೆಗಾರ ಹೋರಿ ಬಡಮೈಲ, ಬೆನ್ನು ಬಿಡದ ಸೋದರಮಾವಂದಿರ ಹಗೆ, ಕಡೆಗೆ ವಿಷದ ಊಟ. ರಾಜ್ಯಕ್ಕಾಗಿ ನಡೆದ ಯುದ್ಧ ಇಲ್ಲಿಲ್ಲ. ಹುಲ್ಲು, ನೀರು, ತುರುಹಿಂಡು, ನಂಟರೊಳಗಿನ ಮತ್ಸರ ಇವೇ ಕಾವ್ಯದ ವಸ್ತು. ಗಂಡಸರು ಗಣೆ ಎಂಬ ಉದ್ದನೆಯ ಬಿದಿರ ಕೊಳಲನ್ನು ಊದುತ್ತ, ನಡುನಡುವೆ ನಿಲ್ಲಿಸಿ ಹಾಡುತ್ತಾರೆ. ಹೆಂಗಸರು ವಾದ್ಯವಿಲ್ಲದೆ ಬರಿಯ ದನಿಯಲ್ಲಿ ಹಾಡುತ್ತಾರೆ.

ಇಷ್ಟು ದೊಡ್ಡ ಕಾವ್ಯ ಓದುಬರಹ ಬಲ್ಲವರ ಕಿವಿಗೆ ಬೀಳಲು ಬಹಳ ಕಾಲ ಹಿಡಿಯಿತು. ಬಿ.ಎಲ್. ರೈಸ್ 1904ರಲ್ಲಿ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು ಹೊರತಂದಾಗ ಮಧುಗಿರಿ, ಶಿರಾ, ಪಾವಗಡಗಳ ಕಲ್ಲುಗಳೆಲ್ಲ ಅಚ್ಚಿಗೆ ಬಂದವು; ತುರುಗಳನ್ನು ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳೂ ಬಂದವು. ಅದೇ ಬಗೆಯ ಸಾಹಸವನ್ನು ಹಾಡುತ್ತಿದ್ದ ಹಟ್ಟಿ ಪಕ್ಕದಲ್ಲೇ ಇದ್ದರೂ ಆ ಹಾಡನ್ನು ಕೇಳಿ ಬರೆದುಕೊಳ್ಳುವುದು ಶಾಸನತಜ್ಞರ ಕೆಲಸವಾಗಿರಲಿಲ್ಲ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು 1928ರಿಂದ 1935ರವರೆಗೆ ಬಂದವು. ಆ ಕಾಲದ ಜನಾಂಗ ಅಧ್ಯಯನದ ಕಣ್ಣೆಲ್ಲ ಮದುವೆ, ಸೂತಕ, ಬೆಡಗುಗಳ ಮೇಲೆಯೇ. ಜನರ ಆಚಾರ ದಾಖಲಾಯಿತು, ಅವರ ಕಾವ್ಯ ದಾಖಲಾಗಲಿಲ್ಲ.

ತಿರುವು ಬಂದದ್ದು ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರ ತಲೆಮಾರಿನಲ್ಲಿ. ಹಳ್ಳಿಯ ಹಾಡೆಂದರೆ ಬಿಡಿ ತ್ರಿಪದಿ ಎಂದುಕೊಂಡಿದ್ದ ಕಾಲದಲ್ಲಿ, ರಾತ್ರಿಯಿಡೀ ನಡೆಯುವ ದೀರ್ಘ ಕಥನಗಳಿವೆಯೆಂದು ಅವರು ತೋರಿಸಿದರು. ಪಿ.ಕೆ. ರಾಜಶೇಖರ ಅವರ ಮಲೆಯ ಮಾದೇಶ್ವರ ಕಾವ್ಯ 1973ರಲ್ಲಿ ಬಂದಮೇಲೆ ‘ಜನಪದ ಮಹಾಕಾವ್ಯ’ ಎಂಬ ಮಾತಿಗೆ ನೆಲೆ ಸಿಕ್ಕಿತು. ತೀ.ನಂ. ಶಂಕರನಾರಾಯಣ ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಹಟ್ಟಿಗಳಲ್ಲೇ ಓಡಾಡಿ ಅಧ್ಯಯನ ಮಾಡಿದರು. ಜುಂಜಪ್ಪನ ಹಾಡನ್ನು ಹಟ್ಟಿಯ ಬಾಳಿನೊಳಗಿಟ್ಟು ನೋಡುವುದು ಇದರಿಂದ ಸಾಧ್ಯವಾಯಿತು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮೌಖಿಕ ಮಹಾಕಾವ್ಯಗಳನ್ನು ಸಾಲಾಗಿ ಪ್ರಕಟಿಸಿತು. ಚಲುವರಾಜು ಸಂಪಾದಿಸಿದ ‘ಜುಂಜಪ್ಪ’ ಅಲ್ಲಿಂದ 1997ರಲ್ಲಿ ಬಂತು.

ಅಚ್ಚಾದ ಪುಸ್ತಕ ಕೈಗೆ ಬಂದೊಡನೆ ಹಳೆಯ ಸಾಹಿತ್ಯ ಓದಿದವರು ಸಹಜವಾಗಿ ಕೇಳುವ ಪ್ರಶ್ನೆ: ಇದರ ಮೂಲ ಪಾಠ ಯಾವುದು? ದಕ್ಷಿಣ ಫ್ರಾನ್ಸಿನ ಆಕ್ಸಿಟಾನ್ ಭಾಷೆಯ ಒಂದು ಕಾವ್ಯದ ಬಗ್ಗೆ ವಿದ್ವಾಂಸರು ಕೇಳುತ್ತ ಬಂದಿರುವುದೂ ಇದನ್ನೇ. ಮೊದಲನೆಯ ಧರ್ಮಯುದ್ಧದ ಕಾಲದ ಆಂಟಿಯೋಕ್ ಮುತ್ತಿಗೆಯನ್ನು ಹಾಡುವ ಆ ಕಾವ್ಯದಲ್ಲಿ ಏಳುನೂರು ಚಿಲ್ಲರೆ ಸಾಲುಗಳ ತುಣುಕೊಂದು ಮ್ಯಾಡ್ರಿಡ್‌ನಲ್ಲಿ ಉಳಿದಿದೆ. ಲಿಮೂಸಿನ್ ಸೀಮೆಯ ಗ್ರೆಗರಿ ಬೆಶಾದಾ ಎಂಬ ಯೋಧ ಹನ್ನೆರಡು ವರ್ಷ ಕೂತು ನಾಡನುಡಿಯಲ್ಲಿ ಆ ಯುದ್ಧದ ಕಾವ್ಯ ಬರೆದನೆಂದು ವಿಜುವಾದ ಜಾಫ್ರಿ ಎಂಬ ಪಾದ್ರಿಯ ಚರಿತ್ರೆ ಹೇಳುತ್ತದೆ. ಉಳಿದ ತುಣುಕು ಅವನದೇ ಕಾವ್ಯದ್ದೋ, ಆಮೇಲೆ ಬೇರೆಯವರು ತಿದ್ದಿ ಕಟ್ಟಿದ್ದರದೋ? ಪಾಲ್ ಮೇಯರ್ 1884ರಲ್ಲಿ ಅದನ್ನು ಅಚ್ಚು ಹಾಕಿದ ಮೇಲೂ ಚರ್ಚೆ ನಿಂತಿಲ್ಲ.

ಅಲ್ಲಿ ಮೂಲದ ಪ್ರಶ್ನೆಗೆ ಅರ್ಥವಿದೆ, ಯಾಕೆಂದರೆ ಹಾಳೆಗಳು ಕಳೆದುಹೋಗಿವೆ. ಜುಂಜಪ್ಪನ ವಿಷಯದಲ್ಲಿ ಕಳೆದುಹೋಗಲು ಹಾಳೆಯೇ ಇರಲಿಲ್ಲ. ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯಾದ ಹಾಡುಗಾರರ ನಡುವೆ ಶುರುಮಾಡಿದ ಕೆಲಸವನ್ನು ಮುಂದುವರಿಸಿದ ಆಲ್ಬರ್ಟ್ ಲಾರ್ಡ್, ಹಾಡುವವನು ಪ್ರತಿಸಲವೂ ಕಾವ್ಯವನ್ನು ಹೊಸದಾಗಿ ಕಟ್ಟುತ್ತಾನೆಂದು 1960ರಲ್ಲಿ ಸಾಧಿಸಿ ತೋರಿಸಿದ. ನಮ್ಮ ನೆರೆಯ ತುಳುನಾಡಿನಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಲೌರಿ ಹೋಂಕೊ, ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ 15,683 ಸಾಲುಗಳಲ್ಲಿ ಬರೆದಿಟ್ಟರು. 1998ರಲ್ಲಿ ಬಂದ ಆ ಪುಸ್ತಕವನ್ನು ತುಳುವರೆಲ್ಲರ ಸಿರಿಯೆಂದಲ್ಲ, ಗೋಪಾಲ ನಾಯ್ಕರು ಹಾಡಿದ ಸಿರಿ ಎಂದೇ ಅವರು ಕರೆದರು. ಈ ಎಚ್ಚರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಜುಂಜಪ್ಪನ ಹುಟ್ಟು ಒಬ್ಬರ ಬಾಯಲ್ಲಿ, ಬಡಮೈಲನ ಸಾಹಸ ಇನ್ನೊಬ್ಬರ ಬಾಯಲ್ಲಿ, ಮಾರಕ್ಕನ ಅಳಲು ಮತ್ತೊಬ್ಬರ ಬಾಯಲ್ಲಿ ಸಿಕ್ಕರೆ ಅದು ಒಡೆದ ಕಾವ್ಯವಲ್ಲ. ಹಬ್ಬಕ್ಕೆ, ಹರಕೆಗೆ, ಹೊತ್ತಿಗೆ ತಕ್ಕ ತುಂಡನ್ನು ಎತ್ತಿಕೊಳ್ಳುವುದೇ ಅದರ ಬದುಕು. ಅವನ್ನೆಲ್ಲ ಹೊಲಿದು ಒಂದೇ ಪಾಠ ಮಾಡುವಾಗ ಹೊಲಿಗೆ ಎಲ್ಲಿ ಬಿದ್ದಿದೆಯೆಂದು ಸಂಪಾದಕರು ತೋರಿಸಲೇಬೇಕು.

ಕಾವ್ಯ ಹಾಡುವವರದೇ ಎಂಬ ಮಾತಿಗೆ ದೊಡ್ಡ ಸಾಕ್ಷಿ ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಹಾಡುಗಾರ್ತಿ ಸಿರಿಯಜ್ಜಿ. ಅಕ್ಷರ ಬಾರದ ಆಕೆ ನೆನಪಿನಲ್ಲಿಟ್ಟುಕೊಂಡಿದ್ದ ಸಾವಿರಾರು ಸಾಲುಗಳನ್ನು ಕೃಷ್ಣಮೂರ್ತಿ ಹನೂರು ವರ್ಷಗಟ್ಟಲೆ ಕೇಳಿ ಬರೆದುಕೊಂಡರು. ‘ಸಾವಿರದ ಸಿರಿಬೆಳಗು’ ಆ ಕೇಳುವಿಕೆಯ ಫಲ. ಇಲ್ಲಿ ಕಾವ್ಯಕ್ಕೆ ಹೆಸರು, ಮುಖ, ಮನೆ ಸಿಕ್ಕಿತು. ಹಟ್ಟಿಯ ದೈವಕ್ಕೆ ಮೈಲಿಗೆಯಾಗುತ್ತದೆಂದು ಮುಟ್ಟಿನ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಸುಗೂಸಿನೊಂದಿಗೆ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವ ಸಮುದಾಯದಲ್ಲಿ, ಆ ದೈವಗಳ ಕತೆಯನ್ನು ಇಷ್ಟು ತುಂಬಾಗಿ ಕಾಪಾಡಿದವಳು ಒಬ್ಬ ಹೆಂಗಸು. ಕಾವ್ಯವನ್ನು ಕೊಂಡಾಡುವವರು ಆ ಹೊರಗಿನ ಗುಡಿಸಲ ಬಗ್ಗೆ ಸುಮ್ಮನಿರಬಾರದು. ಚಿನ್ನಮ್ಮನ ಹೆರಿಗೆಯನ್ನು ಹಾಡುವವರೂ ಅಲ್ಲಿ ಮಲಗಿ ಬಂದವರೇ.

ಇನ್ನು ಆಗಬೇಕಾದ ಕೆಲಸ ಹಟ್ಟಿಹಟ್ಟಿಯದು. ಶಿರಾ, ಹಿರಿಯೂರಿನ ಹಾಡಿಕೆಯ ಪಕ್ಕದಲ್ಲಿ ಮಧುಗಿರಿ, ಪಾವಗಡದ ಹಾಡಿಕೆಯನ್ನೂ, ಗಂಡಸರ ಗಣೆಪದದ ಪಕ್ಕದಲ್ಲಿ ಹೆಂಗಸರ ಪದವನ್ನೂ, ಹಾಡಿದವರ ಹೆಸರು, ಹಟ್ಟಿ, ಸಂದರ್ಭಗಳೊಂದಿಗೆ ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಗಣೆಯ ದನಿ ಅಚ್ಚಿನ ಪುಟಕ್ಕೆ ಬರುವುದಿಲ್ಲ. ಬಿದಿರು ಊದಬಲ್ಲ ಹಿರಿಯರು ಇರುವಾಗಲೇ ಅದನ್ನು ಧ್ವನಿಮುದ್ರಿಸಿಕೊಳ್ಳಬೇಕು, ಆ ಮುದ್ರಿಕೆ ಮೊದಲು ಅವರ ಹಟ್ಟಿಯಲ್ಲೇ ಕೇಳಸಿಗುವಂತಿರಬೇಕು.