ಹೊಸತು ಊಟ: ಕಾಸರಗೋಡು ಸೀಮೆಯ ನವಾನ್ನದ ಇತಿಹಾಸ

ಸೋಣ ತಿಂಗಳ ಮಳೆ ಇಳಿದು ಕನ್ಯಾ ಸಂಕ್ರಮಣ ದಾಟಿತೆಂದರೆ ಚಂದ್ರಗಿರಿ ಹೊಳೆಯಿಂದ ಮಂಜೇಶ್ವರದವರೆಗಿನ ಮನೆಗಳಲ್ಲಿ ‘ಈ ಸಲ ಹೊಸತು ಯಾವಾಗ?’ ಎಂಬ ಮಾತು ಏಳುತ್ತದೆ. ಏಣೆಲು ಪೈರು ಹೊಂಬಣ್ಣಕ್ಕೆ ತಿರುಗುವ ಈ ಶರತ್ಕಾಲದಲ್ಲಿ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ದೇವರಿಗೆ ಸಮರ್ಪಿಸಿ, ಮನೆಮಂದಿಯೆಲ್ಲ ಒಟ್ಟಾಗಿ ಉಣ್ಣುವುದೇ ಹೊಸತು ಊಟ. ಕೆಲವು ಮನೆತನಗಳಲ್ಲಿ ಚೌತಿಯ ಆಸುಪಾಸಿನಲ್ಲಿ, ಹಲವು ಕಡೆ ನವರಾತ್ರಿಯಲ್ಲಿ, ಕೊಯ್ಲು ತಡವಾಗುವಲ್ಲಿ ದೀಪಾವಳಿಯ ಹೊತ್ತಿಗೆ ಇದು ನಡೆಯುತ್ತದೆ. ದಿನ ಬೇರೆಯಾದರೂ ನಿಯಮ ಒಂದೇ: ದೇವರಿಗೆ ಸಲ್ಲುವ ಮೊದಲು ಹೊಸ ಅಕ್ಕಿಯನ್ನು ಯಾರೂ ಉಣ್ಣಬಾರದು.

ಮದುವೆ, ಉಪನಯನಗಳ ಔತಣಕ್ಕೆ ಹೋಲಿಸಿದರೆ ಇದು ಬಹಳ ಸರಳವಾದ ಊಟ. ಅಡಿಗೆಭಟ್ಟರು ಬೇಕಿಲ್ಲ; ಪೇಟೆಯಿಂದ ತರುವ ಸಾಮಾನಿನ ಉದ್ದದ ಪಟ್ಟಿಯೂ ಬೇಕಿಲ್ಲ. ಗದ್ದೆ ಮತ್ತು ಹಿತ್ತಿಲು ಕೊಟ್ಟದ್ದೇ ಅಡಿಗೆ. ಆದರೂ ಈ ಸರಳ ಊಟದ ಬಾಳೆಲೆಯ ಮೇಲೆ ಈ ಸೀಮೆಯ ಬೇಸಾಯ, ಕಡಲ ವ್ಯಾಪಾರ, ಗೇಣಿ ಪದ್ಧತಿ, ಕೊನೆಗೆ ಗದ್ದೆಗಳ ಅಳಿವು ಎಲ್ಲದರ ಗುರುತೂ ಉಳಿದಿದೆ.

ಆಗ್ರಯಣದಿಂದ ಪುದ್ವಾರ್ ತನಕ

ಬೆಳೆಯ ಮೊದಲ ಫಲವನ್ನು ದೇವತೆಗಳಿಗೆ ಅರ್ಪಿಸುವ ಕರ್ಮಕ್ಕೆ ಶ್ರೌತ ಗ್ರಂಥಗಳಲ್ಲಿ ಆಗ್ರಯಣವೆಂದು ಹೆಸರು. ಮಳೆಗಾಲದಲ್ಲಿ ಸಾಮೆ, ಶರದೃತುವಿನಲ್ಲಿ ಭತ್ತ, ವಸಂತದಲ್ಲಿ ಜವೆಗೋದಿ, ಹೀಗೆ ಆಯಾ ಕಾಲದ ಧಾನ್ಯವನ್ನು ಅಗ್ನಿಗೆ ಅರ್ಪಿಸಿದ ಬಳಿಕವೇ ಗೃಹಸ್ಥನು ಉಣ್ಣಬೇಕೆಂಬ ವಿಧಿಯಿದೆ. ಆದರೆ ಹೊಸತು ಊಟ ವೇದಾಧ್ಯಯನವಿದ್ದ ಮನೆಗಳಿಗೆ ಮಾತ್ರ ಸೇರಿದ್ದಲ್ಲ. ತುಳುವರಿಗೆ ಇದು ಪುದ್ವಾರ್, ಮಲೆಯಾಳಿಗಳಿಗೆ ಪುತ್ತರಿ, ಕನ್ನಡಿಗರಿಗೆ ಹೊಸತು. ಮೂರು ಹೆಸರುಗಳೂ ‘ಹೊಸ’ ಎಂಬ ಅರ್ಥದಿಂದಲೇ ತೊಡಗುತ್ತವೆ. ಜಾತಿ, ಭಾಷೆ ಬೇರೆಯಾದರೂ ಒಂದೇ ಬೈಲಿನ ಭತ್ತವನ್ನು ಉಂಡವರು ಒಂದೇ ಹಬ್ಬವನ್ನು ಆಚರಿಸಿದರು.

ತೆನೆಯ ಗೌರವ ದೇವಸ್ಥಾನದಿಂದ ಆರಂಭವಾಗುತ್ತದೆ. ದೇವರ ಮುಂದಿಟ್ಟು ಪೂಜಿಸಿದ ಕದಿರನ್ನು ಭಕ್ತರು ಪ್ರಸಾದವಾಗಿ ಪಡೆದು ಮನೆಗೆ ಒಯ್ಯುತ್ತಾರೆ. ಮಾವು, ಹಲಸು, ಅಶ್ವತ್ಥ, ಬಿದಿರು ಮೊದಲಾದ ಎಲೆಗಳೊಡನೆ ತೆನೆಯನ್ನು ಸೇರಿಸಿ ನಾರಿನಿಂದ ಬಿಗಿದು ಬಾಗಿಲ ದಾರಂದಕ್ಕೆ, ಭತ್ತದ ಪತ್ತಾಯಕ್ಕೆ, ನೇಗಿಲು ನೊಗಕ್ಕೆ, ಬಾವಿಕಟ್ಟೆಗೆ, ಫಲ ಕೊಡುವ ಮರಕ್ಕೆ ಕಟ್ಟುವುದು ವಾಡಿಕೆ. ಅನ್ನಕ್ಕೆ ಕಾರಣವಾದ ಯಾವುದನ್ನೂ ಮರೆಯಬಾರದೆಂಬುದೇ ಇದರ ತಾತ್ಪರ್ಯ.

ಆಟಿಯ ಹಸಿವು, ಕನ್ಯೆಯ ತೃಪ್ತಿ

ಹೊಸತು ಊಟದ ಸಂಭ್ರಮ ತಿಳಿಯಬೇಕಾದರೆ ಅದಕ್ಕೆ ಎರಡು ತಿಂಗಳು ಹಿಂದಿನ ಆಟಿಯನ್ನು ನೆನೆಯಬೇಕು. ಈ ಸೀಮೆಯ ಗದ್ದೆಗಳು ಮೂರು ಬಗೆ: ಬೈಲು, ಮಜಲು, ಬೆಟ್ಟು. ನೀರಿನ ಆಶ್ರಯವಿರುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಪ್ರಾಂತ ಕಂಪೆನಿ ಸರಕಾರದ ವಶವಾಯಿತು. 1801ರ ಆರಂಭದಲ್ಲಿ ಈ ಕರಾವಳಿಯ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಮೂರು ಬಗೆಯ ಗದ್ದೆಗಳನ್ನು ವಿವರಿಸಿದ್ದಾನೆ. ಅಂದರೆ ಇಂದಿನ ಹಿರಿಯರ ಬಾಯಲ್ಲಿರುವ ಈ ಮಾತುಗಳಿಗೆ ಕಡಿಮೆಯೆಂದರೂ ಎರಡು ಶತಮಾನಗಳ ದಾಖಲೆಯಿದೆ.

ಹೆಚ್ಚಿನ ಒಕ್ಕಲು ಮನೆಗಳಲ್ಲಿ ಹಳೆಯ ಭತ್ತ ಆಟಿಯ ಹೊತ್ತಿಗೆ ತಳ ಕಾಣುತ್ತಿತ್ತು. ಹೊರಗೆ ಬಿಡದ ಮಳೆ, ಒಳಗೆ ಬರಿದಾದ ಪತ್ತಾಯ. ಆಗ ಹಸಿವು ನೀಗಿದ್ದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಒಣಗಿಸಿಟ್ಟ ಹಲಸಿನ ಬೀಜ, ಕೆಸುವಿನ ಎಲೆ, ತಗತೆ ಸೊಪ್ಪು, ಬಿದಿರಿನ ಕಣಿಲೆ. ಇಂದು ಆಟಿಯ ವಿಶೇಷವೆಂದು ಸವಿಯುವ ತಿನಿಸುಗಳಲ್ಲಿ ಹಲವು ಅಂದಿನ ಅಭಾವದ ಅಡಿಗೆಗಳೇ ಆಗಿದ್ದವು. ಅಂತಹ ದಿನಗಳನ್ನು ದಾಟಿ ಬಂದವರಿಗೆ ಕನ್ಯಾ ತಿಂಗಳ ಮೊದಲ ತುತ್ತು ಹೊಸ ಅನ್ನವೆಂದರೆ ಎಂತಹ ಸಮಾಧಾನವಾಗಿದ್ದಿರಬೇಕು!

ಎಲೆಯ ಮೇಲೆ ಬಡಿಸುವುದೇನು

ಹೊಸತಿನ ದಿನ ಬಾಳೆಲೆಗೆ ಬರುವುದು ಆ ಕಾಲದಲ್ಲಿ ಹಿತ್ತಿಲಲ್ಲಿರುವ ತರಕಾರಿ: ಹರಿವೆ, ಅಲಸಂಡೆ, ಬೆಂಡೆ, ಹೀರೆ, ಮುಳ್ಳುಸೌತೆ, ಹಾಗಲ, ಅಂಬಟೆ, ಕುಂಬಳ. ಹರಿವೆ ದಂಟಿನ ಕೊದಿಲು, ಅಲಸಂಡೆ ಪಲ್ಯ, ಹಾಗಲದ ಮೆಣಸ್ಕಾಯಿ, ಅಂಬಟೆ ಗೊಜ್ಜು, ಕುಂಬಳದ ಮಜ್ಜಿಗೆಹುಳಿ ಇವು ಯಾವ ಗೃಹಿಣಿಗೂ ಹೊಸದಲ್ಲ. ಇವುಗಳಲ್ಲಿ ಬೇಳೆಗಿಂತ ತೆಂಗಿನಕಾಯಿಯೇ ಮುಖ್ಯ. ತೊಗರಿ ಈ ಕರಾವಳಿಯ ಬೆಳೆಯಲ್ಲ, ಘಟ್ಟ ಇಳಿದು ಬರಬೇಕಾದ ಸಾಮಾನು. ತೆಂಗಾದರೋ ಅಂಗಳದಲ್ಲೇ ಇದೆ.

ಊಟದ ಮುಖ್ಯ ಭಕ್ಷ್ಯ ಹೊಸಕ್ಕಿ ಪಾಯಸ. ಎಂಟು ಹತ್ತು ಮಂದಿಗೆ ಕಾಲು ಕಿಲೋ ಬೆಳ್ತಿಗೆ ಅಕ್ಕಿ, ಅರ್ಧ ಕಿಲೋ ಬೆಲ್ಲ, ಎರಡು ತೆಂಗಿನಕಾಯಿ ಸಾಕು. ಕಾಯಿ ತುರಿದು ಅರೆದು ಮೊದಲು ಹಿಂಡಿದ ದಪ್ಪ ಹಾಲನ್ನು ಬೇರೆಯಾಗಿ ತೆಗೆದಿಡಬೇಕು. ಮತ್ತೆ ನೀರು ಸೇರಿಸಿ ಹಿಂಡಿದ ನೀರುಹಾಲಿನಲ್ಲಿ ಅಕ್ಕಿಯನ್ನು ಚೆನ್ನಾಗಿ ಬೇಯಿಸಿ, ಅಕ್ಕಿ ಮೆತ್ತಗಾದ ಮೇಲೆಯೇ ಬೆಲ್ಲ ಹಾಕಬೇಕು. ಮೊದಲೇ ಹಾಕಿದರೆ ಅಕ್ಕಿ ಬೇಯದು. ಕೊನೆಗೆ ದಪ್ಪ ಹಾಲು ಸೇರಿಸಿ, ಕುದಿ ಬರುವ ಮುನ್ನ ಇಳಿಸಿದರೆ ಹಾಲು ಒಡೆಯುವುದಿಲ್ಲ. ಏಲಕ್ಕಿ ಇದ್ದರೆ ಆಯಿತು, ಇಲ್ಲದಿದ್ದರೂ ಕೊರತೆಯಿಲ್ಲ.

ಒಲೆಯನ್ನೇ ಕೇಳದ ಅಡಿಗೆ ಮುಳ್ಳುಸೌತೆಯ ಸಾಸಮೆ. ಎರಡು ಎಳೆಯ ಮುಳ್ಳುಸೌತೆ ತುರಿದು, ಅರ್ಧ ತೆಂಗಿನಕಾಯಿ, ಅರ್ಧ ಚಮಚ ಹಸಿ ಸಾಸಿವೆ, ಒಂದು ಮೆಣಸು ಸೇರಿಸಿ ಅರೆದು, ಒಂದು ಕುಡ್ತೆ ಮೊಸರಿನೊಡನೆ ಕಲಸಿದರೆ ಮುಗಿಯಿತು. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿದರೆ ನೀರೊಡೆಯದು. ಅರಸಿನ ಎಲೆಯಲ್ಲಿ ಅಕ್ಕಿಹಿಟ್ಟು ಹಚ್ಚಿ, ನಡುವೆ ಕಾಯಿಬೆಲ್ಲವಿಟ್ಟು ಮಡಚಿ ಹಬೆಯಲ್ಲಿ ಬೇಯಿಸಿದ ಕಡುಬು, ಎಲೆ ಇನ್ನೂ ಹಸಿರಾಗಿರುವ ಈ ದಿನಗಳಿಗೆ ಸಲ್ಲುವ ಮತ್ತೊಂದು ಸುಲಭದ ತಿನಿಸು.

ಊಟಕ್ಕೆ ಮೊದಲು ದೀಪ ಹಚ್ಚಿ, ದೇವರಿಗೂ ಗತಿಸಿದ ಹಿರಿಯರಿಗೂ ಎಡೆಯಿಡುವುದು, ಚಿಕ್ಕವರು ಮನೆಯ ಹಿರಿಯರಿಗೆ ನಮಸ್ಕರಿಸಿ ಅವರ ಅಪ್ಪಣೆ ಪಡೆದು ಹೊಸತು ಉಣ್ಣುವುದು ಹಲವು ಮನೆಗಳ ರೂಢಿ.

ಕಡಲು ದಾಟಿ ಬಂದವು

ಈ ಎಲೆಯ ಮೇಲಿರುವುದೆಲ್ಲವೂ ಅನಾದಿಯಿಂದ ಇಲ್ಲಿಯದಲ್ಲ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ ಮೇಲೆ, ಹದಿನಾರನೆಯ ಶತಮಾನದಲ್ಲಿ ಅಮೇರಿಕ ಖಂಡದ ಹಲವು ಬೆಳೆಗಳು ಈ ಕರಾವಳಿಗೆ ಇಳಿದವು. ಕೆಂಪು ಮೆಣಸು ಅವುಗಳಲ್ಲೊಂದು. ಅದಕ್ಕೆ ಮುಂಚೆ ಖಾರವೆಂದರೆ ಬಳ್ಳಿಯ ಕರಿಮೆಣಸೇ. ಹೊಸದಾಗಿ ಬಂದದ್ದು ‘ಮೆಣಸು’ ಎಂಬ ಹೆಸರನ್ನೇ ತನ್ನದಾಗಿಸಿಕೊಂಡಾಗ, ಹಳೆಯದಕ್ಕೆ ಬೇರೆ ಹೆಸರು ಬೇಕಾಯಿತು. ಕರಾವಳಿಯ ಕನ್ನಡದಲ್ಲಿ ಅದು ಒಳ್ಳೆಮೆಣಸು, ತುಳುವಿನಲ್ಲಿ ಎಡ್ಡೆಮುಂಚಿ, ಮಲೆಯಾಳದಲ್ಲಿ ನಲ್ಲಮುಳಕ್. ಮೂರು ಭಾಷೆಯವರೂ ಹಳೆಯದನ್ನೇ ‘ಒಳ್ಳೆಯದು’ ಎಂದು ಕರೆದುದು ಸ್ವಾರಸ್ಯಕರ. ಸಿಹಿಕುಂಬಳಕ್ಕೆ ಇಲ್ಲಿ ಚೀನಿಕಾಯಿ ಎಂಬ ಹೆಸರಿದ್ದರೂ ಅದರ ಮೂಲ ಅಮೇರಿಕ. ಶ್ರಾದ್ಧದ ಅಡಿಗೆಯಲ್ಲಿ ಹೊರಗಿನ ತರಕಾರಿಗಳನ್ನು ದೂರವಿಟ್ಟ ಮನೆಗಳೂ ಮೆಣಸನ್ನು ದಿನದ ಅಡಿಗೆಯೊಳಗೆ ಸೇರಿಸಿಕೊಂಡವು. ಸಂಪ್ರದಾಯವೆಂಬುದು ಬಾಗಿಲು ಮುಚ್ಚಿದ ಕೋಣೆಯಲ್ಲ. ಯಾವುದನ್ನು ಒಳಗೆ ಕರೆಯಬೇಕು, ಯಾವುದನ್ನು ಜಗಲಿಯಲ್ಲಿ ಕುಳ್ಳಿರಿಸಬೇಕು ಎಂಬ ವಿವೇಕ ಅದಕ್ಕಿದೆ.

ಮುಡಿ ಅಕ್ಕಿಯ ಲೆಕ್ಕ

ಹೊಸತಿನ ಸಂಭ್ರಮ ಎಲ್ಲರ ಮನೆಯಲ್ಲಿ ಒಂದೇ ತೆರನಾಗಿರಲಿಲ್ಲ ಎಂಬುದನ್ನೂ ಇತಿಹಾಸ ಹೇಳಬೇಕಾಗುತ್ತದೆ. ಬೈಹುಲ್ಲಿನ ಹಗ್ಗದಿಂದ ಗುಂಡಗೆ ಕಟ್ಟಿದ ಅಕ್ಕಿಮುಡಿಯೇ ಅಂದಿನ ಸಂಪತ್ತಿನ ಅಳತೆ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಗೇಣಿಯೂ ಮುಡಿಯಲ್ಲೇ. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಕಾಯಂ ಹಕ್ಕಿತ್ತು, ಗೇಣಿ ಏರುತ್ತಿರಲಿಲ್ಲ. ಚಾಲಗೇಣಿದಾರನಿಗೆ ಆ ಭದ್ರತೆಯಿಲ್ಲ. ಧನಿಗಳ ಮನಸ್ಸು ಬದಲಾದರೆ ಗದ್ದೆಯೂ ಕೈಬಿಡುತ್ತಿತ್ತು. ಬೆಳೆದ ಮೊದಲ ಬಾಳೆಗೊನೆ, ಸೌತೆ, ಕುಂಬಳ ಹಬ್ಬದ ಕಾಣಿಕೆಯಾಗಿ ಧನಿಗಳ ಮನೆಗೆ ಹೋಗುತ್ತಿತ್ತು. ಗೇಣಿ ಅಳೆದು ಉಳಿದುದರಲ್ಲಿ ಒಕ್ಕಲಿನ ಮನೆಯ ಹೊಸತು; ಕೂಲಿಯಾಗಿ ಸಿಕ್ಕ ಭತ್ತದಲ್ಲಿ ಆಳುಮಕ್ಕಳ ಹೊಸತು. ನೇಜಿ ನೆಟ್ಟ ಕೈಗೆ ಕಟ್ಟಕಡೆಯ ಪಾಲು ಸಿಕ್ಕಿದ ಕಾಲವದು.

1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಯ ಅಕ್ಕಿಯ ಆಮದು ನಿಂತಾಗ ಮದ್ರಾಸ್ ಪ್ರಾಂತದಲ್ಲಿ ಆಹಾರಧಾನ್ಯಕ್ಕೆ ನಿಯಂತ್ರಣ ಬಂತು, ರೇಶನ್ ಬಂತು. ಅಕ್ಕಿಗಾಗಿ ಸಾಲುನಿಂತ ಆ ತಲೆಮಾರಿಗೆ ಮನೆಯ ಗದ್ದೆಯ ಒಂದು ಹಿಡಿ ತೆನೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗದ್ದೆಗಳು ಹೋದ ಮೇಲೆ

1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. 1963ರ ಕೇರಳ ಭೂಸುಧಾರಣಾ ಕಾಯಿದೆಗೆ 1969ರಲ್ಲಿ ತಿದ್ದುಪಡಿಯಾಗಿ, 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡಿತು. ಉತ್ತವನಿಗೆ ಭೂಮಿ ದೊರೆಯಿತು. ಎಷ್ಟೋ ಕುಟುಂಬಗಳು ಆಗ ಮೊದಲ ಬಾರಿಗೆ ಸ್ವಂತ ಗದ್ದೆಯ ಹೊಸತು ಉಂಡವು. ಇನ್ನೊಂದೆಡೆ ದೇವಸ್ಥಾನಗಳಿಗೆ ಬರುತ್ತಿದ್ದ ಗೇಣಿ ಅಕ್ಕಿ ನಿಂತಿತು. ನೈವೇದ್ಯದ ಅಕ್ಕಿಯನ್ನು ಕೊಂಡು ತರುವ, ಭಕ್ತರ ಕೊಡುಗೆಯನ್ನು ನೆಚ್ಚುವ ಸ್ಥಿತಿ ಬಂತು.

ಆದರೆ ಗದ್ದೆ ಒಕ್ಕಲಿನ ಕೈಗೆ ಬಂದು ಹೆಚ್ಚು ಕಾಲ ಗದ್ದೆಯಾಗಿ ಉಳಿಯಲಿಲ್ಲ. ಆಳುಗಳ ಅಭಾವ, ಏರಿದ ಕೂಲಿ, ಭತ್ತಕ್ಕೆ ಸಿಗದ ಬೆಲೆ, ಅಡಿಕೆ ಮತ್ತು ರಬ್ಬರಿನ ಆಕರ್ಷಣೆ, ಪಾಲಾಗಿ ತುಂಡಾದ ಹಿಡುವಳಿ, ಕೊಲ್ಲಿ ದೇಶಗಳಿಗೆ ಹೊರಟ ಯುವಕರು, ಹೀಗೆ ಕಾರಣಗಳು ಹಲವು. ಸುಗ್ಗಿ, ಕೊಳಕೆಗಳನ್ನು ಬಿಟ್ಟವರು ಬಳಿಕ ಏಣೆಲನ್ನೂ ಬಿಟ್ಟರು. ಬೈಲಿನಲ್ಲಿ ಅಡಿಕೆ ಸಸಿ ಎದ್ದಿತು. 1970ರ ದಶಕದ ನಡುವೆ ಕೇರಳದಲ್ಲಿ ಎಂಟೂವರೆ ಲಕ್ಷ ಹೆಕ್ಟೇರಿಗೂ ಮಿಕ್ಕಿ ಇದ್ದ ಭತ್ತದ ಬೇಸಾಯ ನಾಲ್ಕು ದಶಕಗಳಲ್ಲಿ ಎರಡು ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿಯಿತು. 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗುಭೂಮಿಯ ಸಂರಕ್ಷಣೆಗೆ ಕಾಯಿದೆ ಬರುವಾಗ ಬಹುಪಾಲು ಗದ್ದೆಗಳು ರೂಪ ಬದಲಿಸಿದ್ದವು. ಇಂದು ಕೇರಳ ಉಣ್ಣುವ ಅಕ್ಕಿಯ ಬಹುಭಾಗ ಹೊರರಾಜ್ಯಗಳದು. ಹಾಗಾದರೆ ಗದ್ದೆಯಿಲ್ಲದ ಮನೆಗೆ ಹೊಸತು ಊಟ ಏಕೆ ಎಂಬ ಪ್ರಶ್ನೆಯನ್ನು ಕಿರಿಯರು ಕೇಳುವುದು ಸಹಜ.

ಉತ್ತರ ಆಚರಣೆಯಲ್ಲಿಯೇ ಇದೆ. ಹೊಸತಿನ ದಿನ ಪಾತ್ರೆಯ ಅಕ್ಕಿಯೆಲ್ಲ ಹೊಸದೇ ಆಗಬೇಕೆಂಬ ಕಟ್ಟಳೆ ಹಿಂದೆಯೂ ಇರಲಿಲ್ಲ. ಪೈರು ಪೂರ್ತಿ ಮಾಗುವ ಮೊದಲೇ ಹಬ್ಬದ ದಿನ ಬಂದಾಗ, ತೆನೆಯ ಕೆಲವು ಕಾಳುಗಳನ್ನು ಉಗುರಿನಿಂದ ಸುಲಿದು ಹಳೆಯ ಅಕ್ಕಿಯ ಪಾಯಸಕ್ಕೆ ಸೇರಿಸುವುದು ರೂಢಿಯಾಗಿತ್ತು. ಆ ನಾಲ್ಕು ಕಾಳಿನಿಂದಲೇ ಇಡೀ ಊಟ ಹೊಸತಾಗುತ್ತಿತ್ತು. ಅಂಗಡಿಯ ಅಕ್ಕಿ ಬೇಯಿಸುವ ಮನೆಗೂ ಈ ದಾರಿ ತೆರೆದೇ ಇದೆ.

ಆದರೆ ಆ ನಾಲ್ಕು ಕಾಳಾದರೂ ಎಲ್ಲೋ ಬೆಳೆಯಲೇಬೇಕು. 650ಕ್ಕೂ ಮಿಕ್ಕಿ ಸಾಂಪ್ರದಾಯಿಕ ಭತ್ತದ ತಳಿಗಳನ್ನು ಕಾಪಾಡಿದುದಕ್ಕಾಗಿ ಕಾಸರಗೋಡು ಜಿಲ್ಲೆಯ ಕೃಷಿಕ ಸತ್ಯನಾರಾಯಣ ಬೆಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ರಾಜಕಯಮೆಯಂತಹ ತಳಿಯನ್ನು ಹಲವೆಡೆ ಹಬ್ಬಿಸಿದ ಅವರು, ಚೀಲಗಳಲ್ಲಿ ಮಣ್ಣು ತುಂಬಿ ಭತ್ತ ಬೆಳೆದು ತಳಿ ಉಳಿಸುವ ಕ್ರಮವನ್ನು ತೋರಿಸಿಕೊಟ್ಟಿದ್ದಾರೆ. ಅಂಗಳದ ಮೂಲೆಯಲ್ಲಿ ನಾಲ್ಕು ಬುಡ ಭತ್ತ ಬೆಳೆಯಲು ಎಕರೆಗಟ್ಟಲೆ ಗದ್ದೆ ಬೇಕಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಇಂದು ದೇವಸ್ಥಾನದಲ್ಲಿ ಕದಿರು ಪಡೆಯುವ ಭಕ್ತರು ಆ ತೆನೆ ಯಾರ ಗದ್ದೆಯಿಂದ ಬಂತೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು. ಲಾಭವಿಲ್ಲದಿದ್ದರೂ ಏಣೆಲು ಬಿಡದೆ ಬೇಸಾಯ ಮಾಡುವ ಬೆರಳೆಣಿಕೆಯ ಮನೆಗಳು ಊರೂರಲ್ಲಿ ಇನ್ನೂ ಇವೆ. ಅಂಥವರಿಂದ ಹತ್ತು ಸೇರು ಅಕ್ಕಿಯನ್ನು ತಕ್ಕ ಬೆಲೆಗೆ ಕೊಂಡು ನೈವೇದ್ಯಕ್ಕೆ ಕೊಟ್ಟರೆ ಅದು ದೇವರಿಗೂ ಸಲ್ಲುತ್ತದೆ, ಗದ್ದೆಗೂ ಸಲ್ಲುತ್ತದೆ. ಮಕ್ಕಳು ತೆನೆಯ ಕಾಳನ್ನು ತಮ್ಮ ಉಗುರಿನಿಂದಲೇ ಸುಲಿದು ಪಾಯಸಕ್ಕೆ ಹಾಕಲಿ. ಪತ್ತಾಯವನ್ನು ಕಾಣದ ಆ ಕೈಗಳಿಗೆ ಭತ್ತದ ಸ್ಪರ್ಶ ತಿಳಿದಿದ್ದರೆ ಹೊಸತು ಊಟ ಮುಂದಿನ ತಲೆಮಾರಿಗೂ ಹೊಸತಾಗಿಯೇ ಉಳಿದೀತು.